ಗಿರಿಜಕ್ಕನ ಹನ್ನೊಂದು ಸೆಕೆಂಡು

ಕೊರೊನಾ ಗಲಾಟೆ ಮುಗಿದ ಮರುವರ್ಷದ ಮಾತು. ತಲ್ಲೂರಿನ ಹೆದ್ದಾರಿ ಪಕ್ಕದ ನನ್ನ ರೇಡಿಯೊ ರಿಪೇರಿ ಅಂಗಡಿಗೆ ಆಗ ನಲವತ್ತು ವರ್ಷ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ವಾಲ್ವ್ ರೇಡಿಯೊದಿಂದ ಹಿಡಿದು ಬ್ಲೂಟೂತ್ ಸ್ಪೀಕರಿನವರೆಗೆ ಎಲ್ಲವನ್ನೂ ಬಿಚ್ಚಿ ಬಿಚ್ಚಿಯೇ ಕಲಿತೆ. ಈ ಮಾತನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಆದರೆ ಮುಂದೆ ಹೇಳಲಿರುವುದು ಆ ಹೆಮ್ಮೆಯಿಂದಲೇ ಆದದ್ದು.

ಬೈಂದೂರಿನ ರಘುರಾಮಣ್ಣ ಮುಂಬೈಯಲ್ಲಿ ಕ್ಯಾಂಟೀನ್ ನಡೆಸಿ ಊರಿಗೆ ಬಂದವರು. ಅವರ ಮನೆಯ ಚಾವಡಿಯಲ್ಲಿ ಒಂದು ಗೋಡೆ ಪೂರ್ತಿ ಸಂಗೀತದ ಸಾಮಾನು: ಟರ್ನ್‌ಟೇಬಲ್, ಫೋನೊ ಪ್ರೀಆಂಪ್, ಈಕ್ವಲೈಸರ್, ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಎರಡು ದೊಡ್ಡ ಸ್ಪೀಕರ್. ರೆಕಾರ್ಡಿನ ಸೂಜಿಯಿಂದ ಬರುವ ಸದ್ದು ಬಹಳ ಸಣ್ಣದು. ಅದನ್ನು ಮೊದಲು ಎತ್ತಿ ಕೊಡುವುದು ಫೋನೊ ಪ್ರೀಆಂಪಿನ ಕೆಲಸ. ಒಂದು ಹಾಡು ಕೇಳಬೇಕಾದರೆ ನಾಲ್ಕು ಸ್ವಿಚ್ಚು ಒತ್ತಬೇಕು. ರಘುರಾಮಣ್ಣನ ಕಣ್ಣಿನ ನರ ಸೋಲುತ್ತಾ ಬಂದಿತ್ತು.

"ಸೂಜಿ ಎಲ್ ಇಡುದ್ ಅಂದೇಳಿ ಕಾಂತಿಲ್ಲ ಮಾರಾಯ. ಬರೀ ಗೀರ್ ಬೀಳತ್ತ್" ಎಂದರು.

"ರೆಕಾರ್ಡಿಗ್ ಮಾತ್ರ ಅಲ್ಲ, ನನ್ ಮಂಡೆಗೂ ಗೀರ್ ಬಿತ್ತ್. ಒಂದೇ ಗುಂಡಿ ಮಾಡಿ ಕೊಡಿ ಮಾಬಲಣ್ಣ" ಎಂದರು ಅವರ ಹೆಂಡತಿ ಸುಶೀಲಕ್ಕ.

ನಾನು ಲೆಕ್ಕ ಹಾಕಿದೆ. ಎಲ್ಲ ರೆಕಾರ್ಡುಗಳನ್ನೂ ಒಂದೊಂದೇ ತಿರುಗಿಸಿ, ಸದ್ದನ್ನು ಡಿಜಿಟಲ್ ಮಾಡುವ ಪುಟ್ಟ ಕನ್ವರ್ಟರ್ ಮೂಲಕ ಹಾರ್ಡ್ ಡಿಸ್ಕಿಗೆ ಇಳಿಸುವುದು. ಆಮೇಲೆ ಪ್ಲೇಯರೂ ಆಂಪ್ಲಿಫೈಯರೂ ಸೇರಿದ ಒಂದೇ ಪೆಟ್ಟಿಗೆ, ಹಳೆಯ ಸ್ಪೀಕರು, ಒಂದು ರಿಮೋಟು. ಕಣ್ಣಿಲ್ಲದೆ ಬೆರಳಿಗೇ ಗುರುತು ಸಿಗಲೆಂದು ಗುಂಡಿಯ ಮೇಲೆ ಅಂಟಿನ ಒಂದು ಹನಿ.

ಕಟ್ಟು ಕಟ್ಟಿ ಕೊಡುವಾಗ ರಘುರಾಮಣ್ಣ ರೆಕಾರ್ಡಿನಂಥ ಒಂದು ತಟ್ಟೆಯನ್ನು ಮಾತ್ರ ಬೇರೆ ತೆಗೆದು ನನ್ನ ಕೈಗಿಟ್ಟರು. ಅಚ್ಚಾದ ರೆಕಾರ್ಡಲ್ಲ ಅದು. ಲೇಬಲ್ಲಿನ ಮೇಲೆ ಶಾಯಿಯಲ್ಲಿ ಬರೆದ ಗಿರಿಜ ಎಂಬ ಹೆಸರು, ಅಷ್ಟೆ. ಅವರ ದೊಡ್ಡಕ್ಕ ಗಿರಿಜ ಮದುವೆಯಾಗಿ ಮುಂಬೈಗೆ ಹೋದವರು. ಶಿರೂರಿನಲ್ಲಿದ್ದ ತಾಯಿಗೆ ಓದಲು ಬಾರದು ಎಂದು, ಕಾಗದದ ಬದಲು ಒಂದು ಅಂಗಡಿಯಲ್ಲಿ ಮಾತಾಡಿ, ಆ ಮಾತನ್ನು ತಟ್ಟೆಗೆ ಕೊರೆಸಿ ಕಳಿಸಿದ್ದರು. ಅದೇ ವರ್ಷ ಜ್ವರ ಬಂದು ತೀರಿಕೊಂಡರು. ಅವರದ್ದೆಂದು ಮನೆಯಲ್ಲಿ ಒಂದು ಫೋಟೊ ಕೂಡ ಇರಲಿಲ್ಲ.

"ಇಪ್ಪತ್ ವರ್ಷ ಆಯ್ತ್, ಸೂಜಿ ತಾಗಿ ಸವೀತ್ ಅಂದೇಳಿ ಹಾಕ್ಲಿಲ್ಲ. ನೀ ಒಂದೇ ಸಲ ತಿರ್ಗ್ಸಿ ಪೆಟ್ಗಿ ಒಳಗ್ ಹಾಕ್" ಎಂದರು.

"ಕೊಟ್ಟದ್ಕಿಂತ ಲಾಯ್ಕ್ ಮಾಡಿ ಕೊಡ್ತೆ, ಕಾಣಿ" ಎಂದೆ.

ಟೇಪ್‌ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು ನಮ್ಮ ಕಸುಬಿನವರ ಕೈಗೆ ಕೂತ ಅಭ್ಯಾಸ. ಕೊಳೆ ಹೋಗುತ್ತದೆ, ಸದ್ದು ತಿಳಿಯಾಗುತ್ತದೆ. ಅವರ ಎಲ್‌ಪಿಗಳನ್ನೂ ಹಾಗೇ ಒರೆಸಿದೆ. ಎಲ್‌ಪಿ ವಿನೈಲಿನದು, ಅದಕ್ಕೇನೂ ಆಗಲಿಲ್ಲ. ಕೊನೆಗೆ ಗಿರಿಜಕ್ಕನ ತಟ್ಟೆ ಎತ್ತಿಕೊಂಡೆ. ತೂಕ ಬೇರೆಯಿತ್ತು. ಅಂಚಿನಲ್ಲಿ ಒಂದು ಕಡೆ ಕಪ್ಪು ಎದ್ದು ಒಳಗಿನ ಬಿಳಿ ಲೋಹ ಕಾಣುತ್ತಿತ್ತು. ಕಂಡೂ ಕೇಳಲಿಲ್ಲ. ಕೇಳುವುದಾದರೂ ಯಾರನ್ನು? ನಲವತ್ತು ವರ್ಷದಲ್ಲಿ ನಾನು ಯಾರನ್ನೂ ಕೇಳಿದವನಲ್ಲ.

ಹತ್ತಿ ಕಪ್ಪಾಯಿತು. ಎಷ್ಟು ಕೊಳೆಯಪ್ಪಾ ಎಂದುಕೊಂಡೆ. ಇನ್ನೊಂದು ಹತ್ತಿ ತೆಗೆದೆ, ಅದೂ ಕಪ್ಪಾಯಿತು. ಸಂತೋಷದಿಂದಲೇ ಉಜ್ಜಿದೆ. ಲೇಬಲ್ ಒದ್ದೆಯಾದೀತೆಂದು ಅದರ ಸುತ್ತಲಿನ ಒಂದು ಸಣ್ಣ ಅಂಚು ಮಾತ್ರ ಬಿಟ್ಟೆ.

ಅಂಥ ತಟ್ಟೆ ಅಲ್ಯೂಮಿನಿಯಂ ತಗಡಿನ ಮೇಲೆ ಲ್ಯಾಕರ್ ಬಳಿದು ಮಾಡಿದ್ದು. ಲ್ಯಾಕರ್ ಎಂದರೆ ಬಡಗಿಗಳು ಮರಕ್ಕೆ ಹೊಡೆಯುವ ಪಾಲಿಶಿನ ಜಾತಿ. ಸ್ಪಿರಿಟ್ ತಾಗಿದರೆ ಕರಗುತ್ತದೆ; ಹತ್ತಿಗೆ ಬಂದ ಕಪ್ಪು ಕೊಳೆಯಲ್ಲ, ಗಿರಿಜಕ್ಕನ ಮಾತು ಕೊರೆದಿದ್ದ ಪದರವೇ. ಇದು ನನಗೆ ತಿಳಿದದ್ದು ಆಮೇಲೆ. ಸೂಜಿ ಇಟ್ಟೆ. ಬರೀ ಮರಳು ಸುರಿದಂಥ ಸದ್ದು, ಎರಡು ನಿಮಿಷಕ್ಕೂ ಹೆಚ್ಚು. ಕೈ ಚಾಚಿ ನಿಲ್ಲಿಸಬೇಕು ಎನ್ನುವಾಗ, ಒರೆಸದೆ ಬಿಟ್ಟ ಅಂಚಿಗೆ ಸೂಜಿ ಬಂತು. ಎಳೆಯ ಹೆಣ್ಣುಸ್ವರ, ನನ್ನ ಪಕ್ಕದಲ್ಲೇ ನಿಂತು ಹೇಳಿದ ಹಾಗೆ:

"...ತಟ್ಟಿ ಮೇಲ್ ಇನ್ ಜಾಗ ಇಲ್ಲ ಅಂಬ್ರ್ ಅಬ್ಬೆ. ಹೇಳುಕ್ ಸುಮಾರ್ ಇದ್ದಿತ್. ಇಲ್ಲಿಗ್ ನಿಲ್ಸ್ತೆ."

ಹನ್ನೊಂದು ಸೆಕೆಂಡು. ಮುಗಿಯಿತು.

ರಘುರಾಮಣ್ಣನಿಗೆ ನಾನು ಸುಳ್ಳು ಹೇಳಿದೆ. ತಟ್ಟೆ ಹಳೆಯದಾಗಿ ಪದರ ತಾನೇ ಎದ್ದಿತ್ತು, ಉಳಿದದ್ದು ಇಷ್ಟೇ ಎಂದೆ. ಅವರು ನಂಬಿದರು. ಇಷ್ಟಾದರೂ ಉಳಿಸಿದೆಯಲ್ಲ ಎಂದು ನನ್ನ ಕೈ ಹಿಡಿದುಕೊಂಡರು. ಒತ್ತಾಯ ಮಾಡಿ ಊಟ ಹಾಕಿಸಿದರು. ಉಂಡೆ.

ಆಮೇಲೆ ಅಂಗಡಿಯಲ್ಲಿ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ಆ ಸ್ವರ ಬರತೊಡಗಿತು. ಹಾಡುಹಗಲು, ಎದುರಿಗೆ ಗಿರಾಕಿ ನಿಂತಿರುವಾಗಲೇ, ಜಾಗ ಇಲ್ಲವಂತೆ ಎನ್ನುತ್ತಿತ್ತು. ಬಾಟಲಿಯನ್ನು ಹಿಂದಿನ ಕೋಣೆಗೆ ಸಾಗಿಸಿದೆ. ಆ ಎರಡು ನಿಮಿಷದಲ್ಲಿ ಆಕೆ ತಾಯಿಗೆ ಏನು ಹೇಳಿದ್ದಿರಬಹುದು ಎಂದು ಕೆಲಸದ ನಡುವೆ ಯೋಚಿಸುತ್ತಾ ಕೂರುತ್ತಿದ್ದೆ. ಬೆಸುಗೆ ತಪ್ಪುತ್ತಿತ್ತು.

ಆರು ತಿಂಗಳಾದ ಮೇಲೆ ಸುಶೀಲಕ್ಕನ ಫೋನು ಬಂತು. "ಅವ್ರ್ ಪೆಟ್ಗಿ ಮುಟ್ಟುದೇ ಇಲ್ಲ. ಅಕ್ಕನ್ ಸ್ವರ ನಾನೇ ಇಟ್ಟ್ ಇಟ್ಟ್ ಹಾಳ್ ಮಾಡ್ದೆ, ವರ್ಷಕ್ಕೊಂದ್ ಸಲ ಆದ್ರೂ ಹಾಕಿ ಕೇಳ್ಕಿತ್ತ್ ಅಂತ್ರ್. ನೀವೊಂದ್ ಸಲ ಬಂದ್ ಸಮಾಧಾನ ಹೇಳಿ."

ಮರುದಿನವೇ ಹೋದೆ. ಕೂರಲಿಲ್ಲ. ಸ್ಪಿರಿಟ್ಟು, ಹತ್ತಿ, ನನ್ನ ಸುಳ್ಳು ಎಲ್ಲವನ್ನೂ ನಿಂತಲ್ಲೇ ಹೇಳಿದೆ. ರಘುರಾಮಣ್ಣ ನನ್ನ ಸ್ವರ ಬಂದ ಕಡೆಗೆ ಮುಖ ಮಾಡಿ ಕೇಳಿದರು.

"ಹಾಂಗಾರೆ ನಾ ಹಾಳ್ ಮಾಡ್ದದ್ದಲ್ಲ."

"ಅಲ್ಲ ಅಣ್ಣ. ನಾನ್."

ರಘುರಾಮಣ್ಣ ಮೆಲ್ಲಗೆ, "ಆ ಹತ್ತಿ ಎಂತ ಮಾಡ್ದೆ?" ಎಂದರು.

ಕಸದ ಜತೆ ಸುಟ್ಟೆ ಎಂದೆ. ಸುಶೀಲಕ್ಕ ಚಾ ಬೇಕಾ ಎನ್ನಲಿಲ್ಲ. ನಾನು ಅಂಗಳ ದಾಟುವಷ್ಟರಲ್ಲಿ ಒಳಗೆ ರಘುರಾಮಣ್ಣ ಗುಂಡಿ ಒತ್ತಿ ಅಕ್ಕನ ಸ್ವರ ಹಾಕಿದ್ದು ಕೇಳಿತು, ಮತ್ತೊಮ್ಮೆ ಹಾಕಿದ್ದೂ ಕೇಳಿತು. ಆಮೇಲೆ ಅವರು ನನ್ನನ್ನು ಯಾವ ಕೆಲಸಕ್ಕೂ ಕರೆಯಲಿಲ್ಲ.

ಈಗ ಯಾವ ರೆಕಾರ್ಡು ಬಂದರೂ, ಎಷ್ಟೇ ಕೊಳೆಯಿರಲಿ, ಮೊದಲು ಇದ್ದ ಹಾಗೆಯೇ ಒಂದು ಸಲ ಇಳಿಸಿಕೊಳ್ಳುತ್ತೇನೆ. ಗೊತ್ತಿಲ್ಲದ ವಸ್ತು ಕಂಡರೆ ನನಗಿಂತ ಚಿಕ್ಕವರನ್ನಾದರೂ ಸರಿ, ಕೇಳುತ್ತೇನೆ. ಇಷ್ಟು ಪಾಠ ಕೈಗೆ ಬಂದಿದೆ. ಇನ್ನೊಂದು ಮನಸ್ಸಿಗೆ ಬಂದದ್ದು. ಕೈಯಿಂದ ತಪ್ಪಾದರೆ ಆ ದಿನವೇ ಬಾಯಿಬಿಟ್ಟು ಹೇಳಬೇಕು. ನಾನು ಹೇಳದೆ ಉಳಿದ ಆರು ತಿಂಗಳು ನನ್ನ ತಪ್ಪನ್ನು ಹೊತ್ತವರು, ಕಣ್ಣು ಕಾಣದೆ ಚಾವಡಿಯಲ್ಲಿ ಕೂತಿದ್ದ ರಘುರಾಮಣ್ಣ.