ಸೊಂಟಕ್ಕೆ ಕಟ್ಟಿದ ಹಗ್ಗ

ಘತ್ತರಗಿಯ ಹೊಳೆಯಲ್ಲಿ ಥರ್ಮಾಕೋಲ್ ತೆಪ್ಪದ ಮೇಲೆ ನಿಂತು ಮೀನು ಹಿಡಿಯುವವನೊಬ್ಬನಿದ್ದ. ತೆಪ್ಪ ತಪ್ಪಿಹೋಗದಂತೆ ಅದರ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ದಂಡೆಯಲ್ಲಿದ್ದವರಿಗೆ “ಗಂಟಿನ ತುದಿ ಜಗ್ಗಿ ನೋಡ್ರಿ” ಎನ್ನುತ್ತಿದ್ದ. ಗಂಟು ಸಲೀಸಾಗಿ ಬಿಚ್ಚಿದರೆ ಮಾತ್ರ ಮತ್ತೆ ಕಟ್ಟಿಕೊಂಡು ನೀರಿಗಿಳಿಯುತ್ತಿದ್ದ.

ಕಡಲಿನ ಅಲೆಗಳ ಮೇಲೆ ಸರ್ಫಿಂಗ್ ಹಲಗೆ ನಡೆಸುವವರು ಕಾಲಿಗೆ ಬಿಗಿದುಕೊಳ್ಳುವ ಹಗ್ಗವೊಂದನ್ನು ನಾನು ಅವನಿಗೆ ತಂದುಕೊಟ್ಟೆ. ಎಳೆದು ನೋಡಿ ಹಿಂದಿರುಗಿಸಿದ.

“ಸಮುದ್ರಕ್ಕ ಛಲೋ ಅದರಿ. ಹೊಳ್ಯಾಗ ಜಾಲಿಗಿಡಕ್ಕ ಸಿಕ್ತಂದ್ರ, ಸೆಳವಿನಾಗ ಬಗ್ಗಿ ಕಾಲು ಮುಟ್ಟಾಕ ಆಗಲ್ರಿ.”

ಆ ಮಳೆಗಾಲ ಹೊಳೆ ತುಂಬಿದಾಗ ಅವನ ಹಗ್ಗ ಮುಳುಗಿದ ಮರವೊಂದಕ್ಕೆ ಸಿಕ್ಕಿತು. ನಾವು ದಂಡೆಯಿಂದ ಕೂಗುತ್ತಿದ್ದಂತೆಯೇ ಗಂಟು ಬಿಚ್ಚಿ ಈಜಿ ಬಂದ. ತೆಪ್ಪ, ಬಲೆ ಎರಡೂ ಹೋದವು. ಅವನು ದಂಡೆಯಲ್ಲಿ ಕೂತು ನೀರನ್ನೇ ನೋಡಿದ.

“ನಮ್ಮಣ್ಣ ಇಲ್ಲೇ ಹೋದನ್ರಿ,” ಎಂದ. “ಕಾಲಿಗಿ ಕಟ್ಕೊಂಡಿದ್ದ.”

ಅವನಿಗೊಬ್ಬ ಅಣ್ಣನಿದ್ದನೆಂದು ನನಗೆ ತಿಳಿದದ್ದು ಅಂದೇ.