ಅಜ್ಜಿಯ ಬಿಳಿ ಸೀರೆ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬಟ್ಟೆ ಒಗೆದು ಹರವಿದರೆ, ಒಣಗುವಷ್ಟರಲ್ಲಿ ಚಿಮಣಿಯ ಮಸಿ ಮೇಲೆ ಕೂತಿರುತ್ತಿತ್ತು. ಅದನ್ನು ಕೊಡವುತ್ತ ಅಮ್ಮ ಬೈಯುತ್ತಿದ್ದ ಬೈಗುಳವನ್ನು ಈಗ ಇನ್ನೊಮ್ಮೆ ಕೇಳಬೇಕೆನಿಸುತ್ತದೆ. ಮುಟ್ಟಿನ ಬಟ್ಟೆಗೆ ಮಾತ್ರ ಮಸಿಯ ಕಾಟವಿರಲಿಲ್ಲ. ಅದು ಬಚ್ಚಲ ಹಿಂದೆ, ಹಳೇ ಲಂಗದ ಮರೆಯಲ್ಲಿ, ಬಿಸಿಲು ಕಾಣದೆ ಒಣಗುತ್ತಿತ್ತು. ನಾವು ಲಿಂಗ ಕಟ್ಟಿದವರು, ಮುಟ್ಟಾದರೆ ಹೊರಗೆ ಕೂರುವ ಪದ್ಧತಿ ನಮ್ಮಲ್ಲಿಲ್ಲ ಎಂದು ಅಜ್ಜಿ ಅಕ್ಕಪಕ್ಕದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು. ನಿಜ, ಮೈಲಿಗೆ ಇರಲಿಲ್ಲ. ಸಾಲುವಷ್ಟು ಬಟ್ಟೆಯೂ ಇರಲಿಲ್ಲ.

ನನ್ನ ಎಸ್ಸೆಸ್ಸೆಲ್ಸಿ ವರ್ಷ ಅಮ್ಮ ಒಂದು ಎಡವಟ್ಟು ಮಾಡಿದಳು. ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಾಗ, ಹರಿದ ಸೀರೆಗಳ ಜೊತೆ ಮುಟ್ಟಿಗೆಂದು ಎತ್ತಿಟ್ಟಿದ್ದ ಗಂಟನ್ನೂ ಕೊಟ್ಟು ಒಂದು ಸ್ಟೀಲಿನ ಡಬ್ಬಿ ತೆಗೆದುಕೊಂಡಳು. ಅದು ಗೊತ್ತಾದದ್ದು ಪರೀಕ್ಷೆಯ ಹಿಂದಿನ ದಿನ, ನಾನು ಮುಟ್ಟಾದಾಗ. ಉಳಿದ ತುಂಡುಗಳು ಒಗೆದೊಗೆದು ಜಾಳಾಗಿದ್ದವು. ಮರುದಿನ ರೈಲಿನಲ್ಲಿ ಶಿವಮೊಗ್ಗದ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಗಂಟೆಗಟ್ಟಲೆ ಬೆಂಚಿನ ಮೇಲೆ ಕೂತು, ಹುಡುಗರ ಮುಂದೆ ಎದ್ದು ಬರಬೇಕು. ನಾನು ಪರೀಕ್ಷೆಗೇ ಹೋಗುವುದಿಲ್ಲ ಎಂದು ಅತ್ತೆ.

ಅಮ್ಮ ನನ್ನನ್ನು ಎಳೆದುಕೊಂಡು ಪೇಟೆಯ ಮೆಡಿಕಲ್ ಶಾಪಿಗೆ ಹೋದಳು. ಅಂಗಡಿಯವರು ಒಳಗಿನಿಂದ ಒಂದು ಪೊಟ್ಟಣ ತಂದು, ಬೆಲೆ ಹೇಳುವ ಮೊದಲೇ ಪೇಪರಿನಲ್ಲಿ ಸುತ್ತಿಬಿಟ್ಟರು. ಬೆಲೆ ಕೇಳಿ ಅಮ್ಮನ ಮುಖ ಸಣ್ಣದಾಯಿತು. ಮೇಲೆ ಟ್ಯಾಕ್ಸ್ ಬೇರೆ ಎಂದರು. ಅಮ್ಮ ಪೊಟ್ಟಣವನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದಳು. ದಾರಿಯುದ್ದಕ್ಕೂ ಗೊಣಗಾಟ.

"ಉಂಡಿದ್ದಕ್ಕೆ, ಉಟ್ಟಿದ್ದಕ್ಕೆ ಹಾಕ್ತಾರೆ, ಸರಿ. ಮುಟ್ಟಾಗಿದ್ದಕ್ಕೂ ಟ್ಯಾಕ್ಸ್ ಹಾಕ್ತಾರಲ್ಲೇ!"

ಆ ಸಂಕಟದಲ್ಲೂ ನನಗೆ ನಗು ಬಂತು. ಅಮ್ಮನೂ ನಕ್ಕಳು.

ಮನೆಗೆ ಬಂದರೆ ಅಜ್ಜಿ ತನ್ನ ಬಿಳಿ ಸೀರೆಯೊಂದನ್ನು ಹರಿಯುತ್ತ ಕೂತಿದ್ದಳು. ಉಟ್ಟು ಉಟ್ಟು ಬೆಣ್ಣೆಯಷ್ಟು ಮೆತ್ತಗಾಗಿದ್ದ ಸೀರೆ. ಅಮ್ಮ ಗಾಬರಿಯಾದಳು. ಗಂಡ ಸತ್ತವರ ಸೀರೆ, ಮದುವೆಯಾಗಬೇಕಾದ ಹುಡುಗಿಯ ಮೈಗೆ ಸೋಕಬಾರದು ಎಂದಳು.

"ಗಂಡ ಸತ್ತಿದ್ದು ನಂಗೆ ಮಾರಾಯ್ತಿ, ಸೀರೆಗಲ್ಲ," ಎಂದು ಅಜ್ಜಿ ಇನ್ನೊಂದು ತುಂಡು ಹರಿದಳು.

ಮರುದಿನ ನಿಶ್ಚಿಂತೆಯಿಂದ ಬರೆದೆ. ಮಧ್ಯಾಹ್ನ ಕುಣಿಯುತ್ತ ಮನೆಗೆ ಬಂದರೆ ಆ ಸುಡುಬಿಸಿಲಿನಲ್ಲಿ ಅಜ್ಜಿ ಕುತ್ತಿಗೆಯವರೆಗೂ ಕಂಬಳಿ ಹೊದ್ದು ಅಡುಗೆಮನೆಯ ಬಾಗಿಲ ಹಿಂದೆ ಕೂತಿದ್ದಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ಜ್ವರವೇ ಎಂದು ಕೇಳಿದೆ. ಚಳಿ ಎಂದಳು. ಹಿತ್ತಲ ಹಗ್ಗದ ಮೇಲೆ ಬಿಳಿ ಸೀರೆಯೊಂದು ತೊಟ್ಟಿಕ್ಕುತ್ತಿತ್ತು. ಅಜ್ಜಿಗಿದ್ದದ್ದು ಎರಡೇ ಸೀರೆ ಎಂಬುದು ನನಗೆ ಆಗ ಹೊಳೆಯಿತು.

"ಅದಿರ್ಲಿ, ಹೆಂಗ್ ಬರ್ದೆ ಹೇಳು," ಎಂದಳು.

ಚೆನ್ನಾಗಿ ಬರೆದೆ ಎಂದೆ. ಸೀರೆ ಒಣಗುವವರೆಗೂ ಅವಳಿಗೆ ಗಾಳಿ ಬೀಸುತ್ತ, ಕೇಳಿದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಓದು ಬಾರದ ಅಜ್ಜಿ ಎಲ್ಲಕ್ಕೂ ತಲೆಯಾಡಿಸಿದಳು.