ತುರಚಿ ಗಿಡದ ಮೇಲೆ ಒಣಗಿದ ಮಡಿಸೀರೆ

ಕೆಲಗೇರಿ ಕೆರೆಯ ದಾರಿಯಲ್ಲಿದ್ದ ನಮ್ಮ ಮನೆಯ ಹಿತ್ತಲಲ್ಲಿ ಆಳೆತ್ತರದ ತುರಚಿ ಗಿಡವಿತ್ತು. ಮುಟ್ಟಿದರೆ ಮೈಯೆಲ್ಲ ದದ್ದು ಏಳಿಸುವ ಆ ಗಿಡವನ್ನು ನಮ್ಮ ಅತ್ತೆ ಬೇಕೆಂದೇ ಬೆಳೆಸಿದ್ದರು. ಎಳೆಯ ಕುಡಿಗಳನ್ನು ಇಕ್ಕಳದಿಂದ ಚಿವುಟಿ ಕುದಿಯುವ ನೀರಿಗೆ ಹಾಕಿದರೆ ಅದರ ಸೊಕ್ಕು ಇಳಿಯುತ್ತದೆ. ಆಮೇಲೆ ತೊಗರಿಬೇಳೆ, ಇಂಗಿನ ಒಗ್ಗರಣೆ. ಬಿಸಿ ಭಕ್ಕರಿಯ ಜೊತೆ ಆ ಪಲ್ಯ ತಿಂದವರು ಗಿಡವನ್ನು ಬೈಯಲಾರರು.

ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ. ಅರವತ್ತರ ದಶಕದ ಆರಂಭದಲ್ಲಿ ಹುಬ್ಬಳ್ಳಿಯಿಂದ ಮದುವೆಯಾಗಿ ಬಂದಾಗ ನನ್ನ ಬಿ.ಎ. ಕೊನೆಯ ವರ್ಷ ಬಾಕಿ ಇತ್ತು. ಸೋಮವಾರ ಕಾಲೇಜು ತೆರೆಯುವುದಿತ್ತು. ಹೋಗಲೇ ಎಂದು ಕೇಳಿದರೆ ಗಂಡ ತಾಯಿಯ ಮುಖ ನೋಡಿದರು. ಮೊದಲು ಮಡಿ ಕಲಿಯಲಿ, ಆಮೇಲೆ ನೋಡೋಣ ಎಂದರು ಅತ್ತೆ.

ಮಡಿಯೆಂದರೆ, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟು, ದೇವರ ನೈವೇದ್ಯ ಮುಗಿಯುವವರೆಗೆ ಯಾರಿಂದಲೂ ಮುಟ್ಟಿಸಿಕೊಳ್ಳದೆ ಅಡುಗೆ ಮಾಡುವುದು. ಶನಿವಾರ ಸೀರೆ ಒಣಗಿಸುವ ಕೆಲಸ ನನ್ನ ಪಾಲಿಗೆ ಬಂತು. ಪಡಸಾಲೆಯಲ್ಲಿ ಮಡಿಬಟ್ಟೆ ಒಣಹಾಕುವ ಗಳ ಮುರಿದಿತ್ತು. ಹಗ್ಗ ಕಟ್ಟಿದರೆ ಬಂದುಹೋಗುವವರಿಗೆ ತಗಲುತ್ತದೆಂಬ ಹೆದರಿಕೆ. ಹಿತ್ತಲಲ್ಲಿ ನೋಡಿದರೆ ಆಡುಗಳೂ ಹತ್ತಿರ ಸುಳಿಯದ ಒಂದು ಗಿಡ. ನನ್ನ ಜಾಣತನಕ್ಕೆ ನಾನೇ ಹಿಗ್ಗಿ, ಕೋಲಿನಿಂದ ಸೀರೆಯನ್ನು ಅದರ ಮೇಲೆ ಹರಡಿದೆ. ಸಂಜೆ ಕೋಲಿನಿಂದಲೇ ಎತ್ತಿ ತಂದು ಒಳಗಿಟ್ಟೆ.

ಭಾನುವಾರ ಅತ್ತೆ ಅದನ್ನುಟ್ಟು ಒಲೆಯ ಮುಂದೆ ಕೂತರು. ಐದು ನಿಮಿಷಕ್ಕೆ ತುರಿಕೆ ಶುರುವಾಯಿತು. ಬದಲಿಸಲು ಬೇರೆ ಮಡಿಸೀರೆ ಇಲ್ಲ, ನೈವೇದ್ಯವಾಗದೆ ಏಳುವಂತಿಲ್ಲ, ಎಣ್ಣೆ ಹಚ್ಚೋಣವೆಂದರೆ ಯಾರೂ ಮುಟ್ಟುವಂತಿಲ್ಲ. ಊದುಗೊಳವೆಯಿಂದ ಬೆನ್ನು ಕೆರೆದುಕೊಳ್ಳುತ್ತಲೇ ಅಡುಗೆ ಮುಗಿಸಿದರು. ಬಾಗಿಲ ಹಿಂದೆ ನಿಂತಿದ್ದ ನಾನು ಕಾಲೇಜಿಗೆ ಎಳ್ಳುನೀರು ಬಿಟ್ಟೆ.

ಊಟವಾದ ಮೇಲೆ ಕರೆದು, ಸೀರೆ ಎಲ್ಲಿ ಒಣಗಿಸಿದೆ ಎಂದು ಕೇಳಿದರು. ಆ ಗಿಡವನ್ನು ಯಾರೂ ಮುಟ್ಟುವುದಿಲ್ಲ, ಅದಕ್ಕೇ ಅಲ್ಲಿ ಹಾಕಿದೆ ಎಂದು ಅಳುತ್ತ ಹೇಳಿದೆ. ಅತ್ತೆ ಕೆಂಪಗೆ ಬಾತಿದ್ದ ಕೈಗಳನ್ನು ನೋಡಿಕೊಂಡರು.

“ನೀ ಮನ್ಯಾಗ ಕೂತ್ರ ನನ್ನ ಕತಿ ಮುಗೀತು. ನಾಳಿಂದ ಕಾಲೇಜಿಗೆ ಹೋಗವಾ,” ಎಂದರು.

ಸಿಟ್ಟಿನ ಮಾತೆಂದೇ ತಿಳಿದೆ. ಸೋಮವಾರ ಅಂಜುತ್ತಲೇ ಪುಸ್ತಕ ಹಿಡಿದು ಹೊರಟೆ. ಅತ್ತೆ ಆಗಲೇ ಮಡಿಯುಟ್ಟಿದ್ದರು, ಹಾಗಾಗಿ ದೂರದಿಂದಲೇ ನಮಸ್ಕರಿಸಿದೆ. ಅವರು ಒಲೆ ಬಿಟ್ಟು ಎದ್ದು ಬಂದರು. ನನ್ನ ಸೆರಗು ಸರಿಮಾಡಿ, ಕೆನ್ನೆ ಸವರಿದರು. ಆ ಕೈಯ ದದ್ದುಗಳು ಇನ್ನೂ ಆರಿರಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಅಂಗಳ ದಾಟುವಾಗ ಬಚ್ಚಲಲ್ಲಿ ನೀರಿನ ಸದ್ದು ಕೇಳಿತು. ನನ್ನನ್ನು ಮುಟ್ಟಿದ್ದಕ್ಕೆ ಅವರು ಮತ್ತೊಮ್ಮೆ ಸ್ನಾನ ಮಾಡುತ್ತಿದ್ದರು.